ಕಾಸರಗೋಡಿನ ಮಳೆಗೆ ಯಾವ ಹಲಗೆ, ಯಾವ ಹಿಂಜು? ಸ್ವಂತವಾಗಿ ಕಟ್ಟುವ ಅಡಿಗೆಮನೆ ಕಪಾಟಿನ ಸಾಮಗ್ರಿ ವಿಮರ್ಶೆ

ಮಂಜೇಶ್ವರದಿಂದ ನೀಲೇಶ್ವರದವರೆಗಿನ ಅಡಿಗೆಮನೆಗಳಲ್ಲಿ ಕಪಾಟು ಕೆಡಲು ಶುರುವಾಗುವ ಜಾಗ ಮೂರು: ಸಿಂಕಿನ ಕೆಳಗಿನ ಹಲಗೆಯ ಅಂಚು, ನೆಲಕ್ಕೆ ತಾಗಿ ನಿಂತ ಪಟ್ಟಿ, ಬಾಗಿಲಿನ ಹಿಂಜು. ಅಂಗಡಿಯಲ್ಲಿ ಚೌಕಾಸಿ ನಡೆಯುವುದು ಮಾತ್ರ ಬಾಗಿಲಿನ ಬಣ್ಣದ ಮೇಲೆ. ಹಾಗಾಗಿ ಇಲ್ಲಿ ಬಣ್ಣದ ಸುದ್ದಿ ಇಲ್ಲ. ಆಚಾರಿಯನ್ನು ಕರೆಯದೆ, ಅಥವಾ ಕತ್ತರಿಸುವ ಕೆಲಸಕ್ಕೆ ಮಾತ್ರ ಕರೆದು, ಉಳಿದದ್ದನ್ನು ತಾವೇ ಜೋಡಿಸುವವರು ಕೊಳ್ಳಬೇಕಾದ ಸಾಮಾನುಗಳನ್ನು ಒಂದೊಂದಾಗಿ ನೋಡೋಣ.

ಪ್ಲೈವುಡ್, 18 ಮಿ.ಮೀ., ಐಎಸ್ 710

ಪೆಟ್ಟಿಗೆಗೂ ಬಾಗಿಲಿಗೂ ನಮ್ಮ ಮೊದಲ ಆಯ್ಕೆ ಇದೇ. ಅಂಗಡಿಯವರು 'ವಾಟರ್‌ಪ್ರೂಫ್' ಎಂದರೆ ಅಲ್ಲಿಗೇ ನಿಲ್ಲಬೇಡಿ, ಹಲಗೆಯ ಮೇಲಿನ ಐಎಸ್ (ಭಾರತೀಯ ಮಾನಕ) ಮುದ್ರೆ ಓದಿ. ಐಎಸ್ 303 ಎಂದಿದ್ದರೆ ಅದು ಸಾಮಾನ್ಯ ಬಳಕೆಯ ಪ್ಲೈ. ಅದರಲ್ಲಿ ಎಂಆರ್ (ತೇವ ಮಾತ್ರ ತಡೆಯುವ) ದರ್ಜೆಯದು ಮಲಗುವ ಕೋಣೆಯ ಕಪಾಟಿಗೆ ಸಾಕು, ಅಡಿಗೆಮನೆಗೆ ಸಾಲದು. ಐಎಸ್ 710ರ ಹಲಗೆಯನ್ನು ಫಿನಾಲ್ ಅಂಟಿನಿಂದ ಒತ್ತಿರುತ್ತಾರೆ. 72 ಗಂಟೆ ಕುದಿಸಿದರೂ ಪದರ ಬಿಡಬಾರದೆಂಬುದು ಅದರ ಪರೀಕ್ಷೆ. ಮನೆಯಲ್ಲಿ ಅಷ್ಟು ಹೊತ್ತು ಗ್ಯಾಸ್ ಉರಿಸಬೇಕಾಗಿಲ್ಲ. ಅಂಗಡಿಯಿಂದ ಅಂಗೈಯಗಲದ ತುಂಡೊಂದನ್ನು ಕೇಳಿ ತಂದು, ಒಂದು ಹಗಲು ಕುದಿಸಿ, ಉಳಿಯ ಮೊನೆಯಿಂದ ಪದರದ ಸಂದನ್ನು ಮೀಟಿ. ಪದರ ಎಲೆಯಂತೆ ಬಿಟ್ಟುಕೊಂಡರೆ ಆ ಹಲಗೆ ಬೇಡ. ನಾರು ಕಿತ್ತು ಬಂದರೆ ಅಂಟು ಗಟ್ಟಿ ಎಂದರ್ಥ.

ಕೇರಳದ ಪ್ಲೈವುಡ್ ಕಾರ್ಖಾನೆಗಳು ಹೆಚ್ಚಾಗಿರುವುದು ಎರ್ನಾಕುಳಂ ಜಿಲ್ಲೆಯ ಪೆರುಂಬಾವೂರಿನ ಸುತ್ತ. ಒಳಪದರಕ್ಕೆ ರಬ್ಬರ್ ಮರ ಹಾಕುವುದು ಅಲ್ಲಿ ರೂಢಿ. ರಬ್ಬರ್ ಮರದಲ್ಲಿ ಪಿಷ್ಟ ಹೆಚ್ಚು, ಕೊರೆಹುಳುವಿಗೆ ಅದು ಹಬ್ಬದೂಟ. ಮರಕ್ಕೆ ಔಷಧಿ ಕೊಟ್ಟಿದ್ದರೆ ತೊಂದರೆಯಿಲ್ಲ, ಅದನ್ನು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಲಗೆಯ ನಾಲ್ಕೂ ಅಂಚು ನೋಡಿ. ಪದರಗಳ ನಡುವೆ ಸಂದು ಕಂಡರೆ, ಅಥವಾ ಮರದ ಹುಡಿ ಮೆತ್ತಿದ ಗುರುತು ಕಂಡರೆ ಬಿಟ್ಟುಬಿಡಿ. ನಡುವಿನಲ್ಲಿ ನಾಣ್ಯದಿಂದ ಬಡಿಯುತ್ತ ಹೋಗಿ, ಪೊಳ್ಳು ಇದ್ದಲ್ಲಿ ಸದ್ದು ಬದಲಾಗುತ್ತದೆ. 8×4 ಅಡಿಯ 18 ಮಿ.ಮೀ. ಹಲಗೆ ಸುಮಾರು 35–40 ಕೆ.ಜಿ. ತೂಗುತ್ತದೆ. ಇಬ್ಬರು ಎತ್ತಿದಾಗ ಹಗುರವೆನ್ನಿಸಿದರೆ ಸಂಶಯ ಪಡಿ.

ಮಲ್ಟಿವುಡ್

ಪಿವಿಸಿ ಫೋಮ್ ಬೋರ್ಡಿಗೆ ನಮ್ಮಲ್ಲಿ ಎಲ್ಲ ಕಂಪೆನಿಯದಕ್ಕೂ ಇದೇ ಹೆಸರು. ನೀರು ಕುಡಿಯುವುದಿಲ್ಲ, ಒರಲೆ ಹಿಡಿಯುವುದಿಲ್ಲ. ಇವೆರಡೂ ನಿಜ. ಆಮೇಲಿನ ಹೊಗಳಿಕೆಯನ್ನು ಅರ್ಧ ಮಾತ್ರ ನಂಬಿ. ಇದರಲ್ಲಿ ಸ್ಕ್ರೂ ಹಿಡಿತ ಪ್ಲೈಗಿಂತ ಕಡಿಮೆ. ದಿನಾ ಹತ್ತಾರು ಸಲ ತೆಗೆದು ಹಾಕುವ ಬಾಗಿಲಿನಲ್ಲಿ ಹಿಂಜಿನ ಸ್ಕ್ರೂ ಸಡಿಲವಾಗಿ ರಂಧ್ರ ದೊಡ್ಡದಾಗುತ್ತದೆ. ಬಿಸಿಗೆ ಮೆತ್ತಗಾಗುವುದರಿಂದ ಒಲೆಯ ಪಕ್ಕಕ್ಕೆ ಬೇಡ. ಕುಚ್ಚಿಲಕ್ಕಿಯ ಡಬ್ಬ, ಉಪ್ಪಿನಕಾಯಿ ಭರಣಿ ಇಡುವ ಅಡ್ಡಹಲಗೆಗೆ ಇದನ್ನು ಹಾಕಿದರೆ ನಡು ಬಗ್ಗುತ್ತದೆ, ಮುಂಭಾಗಕ್ಕೆ ಅಲ್ಯುಮಿನಿಯಂ ಆಂಗಲ್ ಕೊಡಲೇಬೇಕು.

ಕೊಳ್ಳುವಾಗ ತೂಕ ಹಾಕಿಸಿ. 8×4ರ 18 ಮಿ.ಮೀ. ಹಲಗೆ 32 ಕೆ.ಜಿ. ಇದ್ದರೆ ಸಾಂದ್ರತೆ (ಘನ ಸೆಂ.ಮೀ.ಗೆ ಗ್ರಾಂ) 0.6; 27 ಕೆ.ಜಿ. ಇದ್ದರೆ 0.5. ಎರಡನೆಯದು ಜಾಹೀರಾತು ಫಲಕಕ್ಕೆ ಸರಿ. ಇನ್ನೊಂದು ಮಾತು, ಬಿಳಿ ಫೆವಿಕಾಲ್ ಇದಕ್ಕೆ ಹಿಡಿಯುವುದಿಲ್ಲ. ಆ ಅಂಟು ಒಣಗಬೇಕಾದರೆ ಹಲಗೆ ಅದರ ನೀರನ್ನು ಹೀರಬೇಕು, ಈ ಹಲಗೆ ಹೀರುವುದಿಲ್ಲ. ಲ್ಯಾಮಿನೇಟ್ ಅಂಟಿಸಲು ಎಸ್‌ಆರ್ 998ನಂಥ ರಬ್ಬರ್ ಅಂಟು ಬೇಕು.

ನಮ್ಮ ತೀರ್ಪು: ಸಿಂಕಿನ ಕೆಳಗಿನ ಒಂದು ಪೆಟ್ಟಿಗೆಗೆ ಮಲ್ಟಿವುಡ್, ಆದರೆ ಅದರ ಬಾಗಿಲು ಪ್ಲೈಯದೇ ಇರಲಿ. ಇಡೀ ಅಡಿಗೆಮನೆಗೆ ಬೇಡ.

ಎಚ್‌ಡಿಎಚ್‌ಎಂಆರ್, ಅಲ್ಯುಮಿನಿಯಂ, ಫೆರೋಸಿಮೆಂಟ್

ಎಚ್‌ಡಿಎಚ್‌ಎಂಆರ್, ಅಂದರೆ ಮರದ ನಾರನ್ನು ದಟ್ಟವಾಗಿ ಒತ್ತಿ ಮಾಡಿದ ಹಲಗೆಯ ಮೈ ಗಾಜಿನಂತೆ ನಯ, ಬಾಗಿಲಿಗೆ ಚೆಂದ. ಒಂದು ಹಲಗೆ 45 ಕೆ.ಜಿ.ಯ ಆಸುಪಾಸು ತೂಗುವುದರಿಂದ ಒಬ್ಬರೇ ಕೆಲಸ ಮಾಡುವವರಿಗೆ ಕಷ್ಟ. ತೇವ ತಡೆಯುತ್ತದೆ, ನಿಂತ ನೀರು ತಡೆಯುವುದಿಲ್ಲ. ಅಂಚು ಒಮ್ಮೆ ಉಬ್ಬಿದರೆ ಮತ್ತೆ ಕುಗ್ಗದು. ಮೇಲಿನ ಕಪಾಟಿಗೆ ಹಾಕಬಹುದು.

ಅಲ್ಯುಮಿನಿಯಂ ಸೆಕ್ಷನ್‌ಗೆ ಎಸಿಪಿ (ಅಲ್ಯುಮಿನಿಯಂ ಕಾಂಪೊಸಿಟ್) ಶೀಟು ಕೂರಿಸಿದ ಕಪಾಟು ಹಿಂದಿನ ವರ್ಕ್ ಏರಿಯಾಕ್ಕೆ ಹೇಳಿಸಿದ್ದು. ಮೀನು ತೊಳೆಯುವ, ತೆಂಗಿನಕಾಯಿ ಸುಲಿಯುವ ಜಾಗದಲ್ಲಿ ಮರ ಬಾಳುವುದಿಲ್ಲ. ಸೆಕ್ಷನ್‌ನ ತೆರೆದ ತುದಿಗಳಿಗೆ ಮುಚ್ಚಳ ಹಾಕದಿದ್ದರೆ ಒಳಗೆ ಜಿರಳೆಗಳ ಸಂಸಾರ. ತಂತಿಬಲೆಗೆ ಸಿಮೆಂಟ್ ಮೆತ್ತಿ ಮಾಡುವ ಫೆರೋಸಿಮೆಂಟ್ ಹಲಗೆ ಗಟ್ಟಿ, ಅಗ್ಗ. ಆದರೆ ಒಮ್ಮೆ ಕಟ್ಟಿದರೆ ಬದಲಾಯಿಸುವ ಮಾತಿಲ್ಲ, ಹಿಂಜು ಕೂರಿಸಲು ಮತ್ತೆ ಮರದ ಚೌಕಟ್ಟು ಬೇಕು.

ಮೂರು ಹಲಗೆಯ ಲೆಕ್ಕ

600 ಮಿ.ಮೀ. ಅಗಲದ ಆರು ಪೆಟ್ಟಿಗೆ, ಅಂದರೆ ಸುಮಾರು 12 ಅಡಿ ಉದ್ದದ ಸ್ಲ್ಯಾಬಿನ ಕೆಳಭಾಗ, ಮೂರು ಹಲಗೆಯಲ್ಲಿ ಮುಗಿಯುತ್ತದೆ. ಕತ್ತರಿಸುವ ಕ್ರಮ ತಪ್ಪಿದರೆ ನಾಲ್ಕನೆಯದು ಬೇಕಾಗುತ್ತದೆ. ಮೊದಲು ಮೂರು ಹಲಗೆಯನ್ನೂ (8×4 ಅಡಿ, ಅಂದರೆ 2440×1220 ಮಿ.ಮೀ.) ಉದ್ದಕ್ಕೆ ಸೀಳಿ: 560 ಮಿ.ಮೀ. ಅಗಲದ ಎರಡು ಪಟ್ಟಿ, ಗರಗಸಕ್ಕೆ 3 ಮಿ.ಮೀ.ಯಂತೆ ಹೋದರೆ ಉಳಿಯುವುದು 94 ಮಿ.ಮೀ.ಯ ಸಣ್ಣ ಪಟ್ಟಿ. ಎರಡು ಹಲಗೆಯ ಅಗಲ ಪಟ್ಟಿಗಳಿಂದ 720×560ರ ಆರಾರು ಪಕ್ಕದ ಹಲಗೆ, ಒಟ್ಟು ಹನ್ನೆರಡು. ಮೂರನೆಯದರಿಂದ ಆರು ತಳ. ಇನ್ನೆರಡು ತುಂಡು ಉಳಿಯುತ್ತದೆ, ಅವು ಅಡ್ಡಹಲಗೆಗೆ. ಮೂರು ಸಣ್ಣ ಪಟ್ಟಿಗಳನ್ನು ತಲಾ ನಾಲ್ಕು ತುಂಡು ಮಾಡಿದರೆ ಪೆಟ್ಟಿಗೆಯ ಮೇಲ್ಭಾಗಕ್ಕೆ ಬೇಕಾದ ಹನ್ನೆರಡು ಅಡ್ಡಪಟ್ಟಿ ಸರಿಯಾಗಿ ಸಿಗುತ್ತವೆ. ಬಾಗಿಲಿಗೆ ಬೇರೆ ಒಂದು ಹಲಗೆ: 716×296ರ ಹನ್ನೆರಡು ಬಾಗಿಲು, ಪೆಟ್ಟಿಗೆಗೆ ಎರಡರಂತೆ. ಹಿಂಬದಿಗೆ 6 ಮಿ.ಮೀ. ಪ್ಲೈ.

ತಳದ ಉದ್ದ ಎಷ್ಟು? ಹೆಚ್ಚಿನವರು ಎಡವುವುದು ಇಲ್ಲೇ. ಕಾಗದದ ಮೇಲೆ 600ರಿಂದ 18ರ ಎರಡು ಪಕ್ಕ ಕಳೆದರೆ 564. ಆದರೆ ಪಕ್ಕದ ಹಲಗೆಗೆ ಹೊರಗೆ 1 ಮಿ.ಮೀ., ಒಳಗೆ 0.8 ಮಿ.ಮೀ. ಲ್ಯಾಮಿನೇಟ್ ಅಂಟಿಸಿದ ಮೇಲೆ ಅದು 20 ಮಿ.ಮೀ. ಆಗುತ್ತದೆ, ತಳ 560ಕ್ಕೆ ಇಳಿಯಬೇಕು. ಇಳಿಸದಿದ್ದರೆ ಆರು ಪೆಟ್ಟಿಗೆಯಲ್ಲಿ ಈ 4 ಮಿ.ಮೀ. ಕೂಡಿ 24 ಮಿ.ಮೀ. ಆಗಿ ಕೊನೆಯ ಪೆಟ್ಟಿಗೆ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಅದೂ ಅಲ್ಲದೆ 18 ಎಂದು ಬಿಲ್ ಆದ ಹಲಗೆಗೆ ಕ್ಯಾಲಿಪರ್ ಹಿಡಿದರೆ ಹೆಚ್ಚಾಗಿ 17 ಚಿಲ್ಲರೆ. ಲ್ಯಾಮಿನೇಟ್ ಅಂಟಿಸಿದ ಒಂದು ತುಂಡನ್ನು ಅಳೆದ ಮೇಲೆಯೇ ತಳ ಕತ್ತರಿಸಿ. ಬಾಗಿಲಿಗೆ 2 ಮಿ.ಮೀ. ಎಡ್ಜ್ ಬ್ಯಾಂಡ್ ಹಾಕುವುದಾದರೆ ಉದ್ದ, ಅಗಲ ಎರಡರಲ್ಲೂ 4 ಮಿ.ಮೀ. ಕಡಿಮೆ ಕತ್ತರಿಸಬೇಕು.

ಹಳೆಯ ಅಡಿಗೆಮನೆಯನ್ನು ಹೊಸದು ಮಾಡುವವರಿಗೆ ಈ 600ರ ಲೆಕ್ಕ ಹಾಗೆಯೇ ಕೂರುವುದಿಲ್ಲ. ನಮ್ಮ ಕಡೆ ಸ್ಲ್ಯಾಬು ನಿಂತಿರುವುದು ಮುರಕಲ್ಲಿನ ಅಡ್ಡಗೋಡೆಯ ಮೇಲೋ ಕಡಪ ಕಲ್ಲಿನ ಮೇಲೋ. ಪ್ರತಿ ಖಾನೆಯ ಅಗಲವನ್ನು ಮೇಲೆ, ನಡುವೆ, ಕೆಳಗೆ, ಮುಂದೆಯೂ ಹಿಂದೆಯೂ ಅಳೆದು, ಅತಿ ಕಡಿಮೆ ಬಂದದ್ದರಲ್ಲಿ 10 ಮಿ.ಮೀ. ಕಳೆದು ಪೆಟ್ಟಿಗೆ ಮಾಡಿ ಒಳಗೆ ತಳ್ಳಿ. ಮುಂದಿನ ಸಂದಿಗೆ ಪಟ್ಟಿ ಹೊಡೆದರೆ ಸಾಕು.

ಅಂಚು, ಅಂಟು, ಸ್ಕ್ರೂ

ಹಲಗೆಗೆ ಲ್ಯಾಮಿನೇಟ್ ಒಂದೇ ಮೈಗೆ ಅಂಟಿಸಿದರೆ ಮಳೆಗಾಲದಲ್ಲಿ ಇನ್ನೊಂದು ಮೈ ತೇವ ಹೀರಿ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಒಳಗೂ ಹೊರಗೂ ಅಂಟಿಸಲೇಬೇಕು. ಕಾಣದ ಅಂಚುಗಳಿಗೆ, ಅಂದರೆ ಪಕ್ಕದ ಹಲಗೆಯ ಕೆಳಗಿನ ಅಂಚು, ಹಿಂದಿನ ಅಂಚು, ಪೈಪಿಗಾಗಿ ಕೊರೆದ ತೂತಿನ ಒಳಸುತ್ತು, ಇವಕ್ಕೆ ಯಾರೂ ಏನೂ ಹಚ್ಚುವುದಿಲ್ಲ. ನೀರು ಏರುವುದು ಅಲ್ಲಿಂದಲೇ. ಎಪಾಕ್ಸಿ ಅಥವಾ ಪಿಯು (ಪಾಲಿಯುರಿಥೇನ್) ಸೀಲರ್ ಎರಡು ಕೈ ಹಚ್ಚಿ.

ಪೆಟ್ಟಿಗೆ ಜೋಡಿಸಲು ಮರೈನ್ ದರ್ಜೆಯ ಫೆವಿಕಾಲ್ ಜೊತೆಗೆ 8×50 ಸ್ಟೀಲ್ ಸ್ಕ್ರೂ, 150–200 ಮಿ.ಮೀ.ಗೆ ಒಂದು. ಅಂಟು ಕೂರಬೇಕಾದಲ್ಲಿ ಲ್ಯಾಮಿನೇಟ್ ಇರಬಾರದು. ತಳ ಬಂದು ಸೇರುವ ಜಾಗವನ್ನು ಬರಿಮರವಾಗಿ ಬಿಡಿ, ಇಲ್ಲವೇ ಅಂಟಿನ ಆಸೆ ಬಿಟ್ಟು ಸ್ಕ್ರೂ ಹೆಚ್ಚಿಸಿ. ಮೊದಲು 3 ಮಿ.ಮೀ. ಬಿಟ್‌ನಿಂದ ದಾರಿ ಕೊರೆಯದಿದ್ದರೆ ಅಂಚಿನ ಪದರ ಸೀಳುತ್ತದೆ. ಜಿಪ್ಸಂ ಸೀಲಿಂಗಿನ ಕಪ್ಪು ಸ್ಕ್ರೂ ಬೇಡವೇ ಬೇಡ: ಬೇಗ ತುಕ್ಕು ಹಿಡಿಯುತ್ತದೆ, ತಿರುಗಿಸುವಾಗ ತಲೆ ಮುರಿದು ಒಳಗೇ ಉಳಿಯುತ್ತದೆ.

ಲ್ಯಾಮಿನೇಟ್ ಕೆಲಸಕ್ಕೆ ಫೆಬ್ರವರಿಯಿಂದ ಮೇ ಒಳ್ಳೆಯದು. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ರಬ್ಬರ್ ಅಂಟು ಹಚ್ಚಿದರೆ, ಅದರ ದ್ರಾವಕ ಆರುವಾಗ ತಣ್ಣಗಾದ ಮೈಮೇಲೆ ಗಾಳಿಯ ತೇವ ಕೂತು ಬಿಳಿಚುತ್ತದೆ. ಅಂಥಲ್ಲಿ ಕೆಲವು ತಿಂಗಳಲ್ಲೇ ಗುಳ್ಳೆ.

ಹಿಂಜು ಮತ್ತು ಚಾನಲ್

ಕುಂಬಳೆ, ಉಪ್ಪಳದಂಥ ಕಡಲ ಬದಿಯ ಊರುಗಳಲ್ಲಿ ನಿಕ್ಕಲ್ ಲೇಪದ ಹಿಂಜಿಗೆ ಹಣ ಹಾಕಬೇಡಿ. ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 304 ಕೇಳಿ. ಅಂಗಡಿಯವರು ಆಯಸ್ಕಾಂತ ತೋರಿಸಿ 'ನೋಡಿ, ಅಂಟುವುದಿಲ್ಲ' ಎಂದರೆ ಅದು ಪುರಾವೆಯಲ್ಲ. ಅಗ್ಗದ 202 ಕೂಡ ಅಂಟುವುದಿಲ್ಲ, ಅಸಲಿ 304 ಒತ್ತಿ ಬಗ್ಗಿಸಿದ ಜಾಗದಲ್ಲಿ ಸ್ವಲ್ಪ ಅಂಟುವುದೂ ಉಂಟು. ಹೆಸರುಳ್ಳ ಕಂಪೆನಿಯ ಪೊಟ್ಟಣದ ಮೇಲೆ ದರ್ಜೆ ಮುದ್ರಿಸಿರುತ್ತಾರೆ, ಅದನ್ನೇ ನೋಡಿ. ಹೆಟ್ಟಿಕ್, ಹೆಫೆಲೆ, ಎಬ್ಕೋ ಮೂರೂ ಕಾಸರಗೋಡು, ಮಂಗಳೂರುಗಳಲ್ಲಿ ಸಿಗುತ್ತವೆ. ಒಂದು ಕಂಪೆನಿಯ ಹಿಂಜು ಇನ್ನೊಂದರ ಪ್ಲೇಟಿಗೆ (ಪಕ್ಕದ ಹಲಗೆಗೆ ಹೊಡೆಯುವ ಭಾಗಕ್ಕೆ) ಕೂರುವುದಿಲ್ಲವಾದ್ದರಿಂದ ಎರಡು ಜೊತೆ ಹೆಚ್ಚೇ ತಂದಿಡಿ.

ಪ್ರತಿ ಪೆಟ್ಟಿಗೆಗೂ ತನ್ನದೇ ಪಕ್ಕಗಳಿದ್ದು ಬಾಗಿಲು ಅವುಗಳನ್ನು ಮುಚ್ಚುವುದಾದರೆ ಹಿಂಜಿನ ಕ್ರ್ಯಾಂಕ್, ಅಂದರೆ ತೋಳಿನ ಬಾಗು, 0. ಒಂದೇ ಪಕ್ಕವನ್ನು ಎರಡು ಬಾಗಿಲು ಹಂಚಿಕೊಂಡರೆ 8. ಬಾಗಿಲು ಚೌಕಟ್ಟಿನೊಳಗೆ ಕೂರುವುದಾದರೆ 15 ಅಥವಾ 16. ಹಿಂಜಿನ ಬಟ್ಟಲು ಕೂರುವ ರಂಧ್ರ 35 ಮಿ.ಮೀ.; ಅದರ ಕೇಂದ್ರ ಬಾಗಿಲಿನ ಅಂಚಿನಿಂದ 22.5 ಮಿ.ಮೀ., ಆಳ 12. ಬಿಟ್‌ಗೆ ಆಳದ ಗುರುತಿಗೆ ಟೇಪು ಸುತ್ತಿ, ಇಲ್ಲವಾದರೆ ಮುಂದಿನ ಲ್ಯಾಮಿನೇಟ್ ಮೊಡವೆಯಂತೆ ಉಬ್ಬೀತು. ಪಕ್ಕದ ಹಲಗೆಯಲ್ಲಿ ಪ್ಲೇಟಿನ ಗೆರೆ ಮುಂದಿನ ಅಂಚಿನಿಂದ 37 ಮಿ.ಮೀ. 716 ಎತ್ತರದ ಬಾಗಿಲಿಗೆ ಎರಡು ಹಿಂಜು ಸಾಕು. 900 ದಾಟಿದರೆ ಮೂರು.

ಡ್ರಾಯರಿಗೆ ಎರಡು ಪಕ್ಕಕ್ಕೆ ಕೂರುವ ಟೆಲಿಸ್ಕೋಪಿಕ್ ಚಾನಲ್ ಸಾಕು, ತಳದಡಿ ಕೂರುವ ಟ್ಯಾಂಡಮ್ ಚಾನಲ್‌ನ ನಾಜೂಕು ನಮ್ಮ ಪಾತ್ರೆಗಳ ಭಾರಕ್ಕೆ ಅಗತ್ಯವೇನಲ್ಲ. ಪ್ರತಿ ಬದಿಗೆ 12.7 ಮಿ.ಮೀ. ಬೇಕು, 560 ಒಳ ಅಗಲದ ಪೆಟ್ಟಿಗೆಗೆ ಡ್ರಾಯರಿನ ಹೊರ ಅಗಲ 534. ಒಂದೆರಡು ಮಿ.ಮೀ. ಹೆಚ್ಚಾದರೂ ಗುಂಡುಗಳು ಬಿಗಿದು ಎಳೆಯಲಾಗದು. ಕಿರುಗುಟ್ಟಿದರೆ ತೆಂಗಿನೆಣ್ಣೆ ಬಿಡಬೇಡಿ, ಅಂಟಾಗಿ ಹಿಟ್ಟು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಹರಳುಪ್ಪಿನ ಪಾತ್ರೆ ಮಾತ್ರ ಯಾವ ಡ್ರಾಯರಿನಲ್ಲೂ ಬೇಡ, ಹೊರಗೇ ಇರಲಿ.

ಮಂಗಳೂರಿನಲ್ಲಿ ಆಯ್ಕೆ ಹೆಚ್ಚು. ಹಲಗೆ, ಹಾರ್ಡ್‌ವೇರ್ ಒಟ್ಟಿಗೆ ಕೊಂಡು ಮೊತ್ತ 50,000 ರೂ. ದಾಟಿದರೆ ತಲಪಾಡಿ ಗಡಿ ದಾಟಿಸಲು ಸರಕು ಸಾಗಣೆಯ ಇ-ವೇ ಬಿಲ್ ಬೇಕು, ಅಂಗಡಿಯವರಿಂದಲೇ ಮಾಡಿಸಿಕೊಳ್ಳಿ.

ಕಾಲು, ಸಿಂಕು, ಸಿಲಿಂಡರ್

ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ, ಪ್ಲೈ ಪಟ್ಟಿಯ ಮೇಲೂ ಇಡಬೇಡಿ. 100 ಮಿ.ಮೀ.ಯ ತಿರುಗಿಸಿ ಹೊಂದಿಸುವ ಪಿವಿಸಿ ಕಾಲು, ಪೆಟ್ಟಿಗೆಗೆ ನಾಲ್ಕು. ಮುಂದಿನ ಪಟ್ಟಿ ಕ್ಲಿಪ್ ಹಾಕಿ ಕಳಚುವಂಥದ್ದು. ಬಾವಿನೀರು ಸುರಿದು ನೆಲ ತೊಳೆಯುವ ಮನೆಗಳಲ್ಲಿ ಇದು ಕಡ್ಡಾಯ. ಪಟ್ಟಿ ಕಳಚಿದರೆ ಗೋಡೆಯ ಬುಡದಲ್ಲಿ ಒರಲೆಯ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತದೆ. ಖಾಯಂ ಮುಚ್ಚಿದಲ್ಲಿ ಅದು ಗೊತ್ತಾಗುವುದು ತಳ ಕುಸಿದ ಮೇಲೆ. ಹಿಂಬದಿಯ ಪ್ಲೈಯನ್ನು 20 ಮಿ.ಮೀ. ಒಳಗೆ ಕೂರಿಸಿ, ಗೋಡೆಯ ತೇವಕ್ಕೂ ಪೈಪಿಗೂ ಎಡೆ ಇರುತ್ತದೆ.

ಸಿಲಿಂಡರ್ ಖಾನೆಗೆ ತಳವೇ ಬೇಡ, ನೆಲದ ಮೇಲೆ ಉರುಳಿಸಿ ಒಳಗಿಡುವಂತಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ತಂಗುತ್ತದೆ. ಗಾಳಿಕಿಂಡಿಗಳನ್ನು ಬಾಗಿಲಿನ ಕೆಳಭಾಗದಲ್ಲಿ ಕೊರೆಯಿರಿ, ಮೇಲೆ ಅಂದದ ಜಾಲರಿ ಹಾಕಿ ಪ್ರಯೋಜನವಿಲ್ಲ. ಐಎಸ್ 9573 ಮುದ್ರೆಯ ಕೊಳವೆ ಪೂರ್ತಿ ಕೈಗೆ, ಕಣ್ಣಿಗೆ ಸಿಗುವಂತೆ ಸಾಗಲಿ, ಐದು ವರ್ಷಕ್ಕೆ ಬದಲಾಯಿಸಿ.

ಮುರಕಲ್ಲಿನ ಗೋಡೆಗೆ ಮೇಲಿನ ಕಪಾಟು

ಡ್ರಿಲ್ಲಿನ ಹ್ಯಾಮರ್ ಗುಂಡಿ ಆಫ್ ಮಾಡಿ. ಮುರಕಲ್ಲು ಬಡಿತಕ್ಕೆ ಉದುರಿ, 10 ಮಿ.ಮೀ.ಯ ರಂಧ್ರ 14 ಆಗುತ್ತದೆ, ಆಮೇಲೆ ಸ್ಕ್ರೂ ಹಿಡಿಯಲು ತೂರಿಸುವ ಯಾವ ಗಟ್ಟವೂ (ಪ್ಲಗ್) ನಿಲ್ಲದು. 10×100ರ ಉದ್ದನೆಯ ನೈಲಾನ್ ಆಂಕರ್ ಹಾಕಿ. 2 ಇಂಚಿನ ಸಾಮಾನ್ಯ ಗಟ್ಟ ಗಾರೆಯಲ್ಲೇ ಮುಗಿಯುತ್ತದೆ. ಕೊರೆಯುವಾಗ ಬಿಟ್ ಒಮ್ಮೆಲೇ ಒಳನುಗ್ಗಿದರೆ ಕಲ್ಲಿನ ಸಂದಿಗೆ ಬಿದ್ದಿದೆ ಎಂದರ್ಥ, 80 ಮಿ.ಮೀ. ಸರಿಸಿ. ಕಪಾಟನ್ನು ನೇರ ಗೋಡೆಗೆ ಹೊಡೆಯುವ ಬದಲು ಮೊದಲು ಲೋಹದ ರೈಲು ಕೂರಿಸಿ ಅದಕ್ಕೆ ತೂಗಿಸಿದರೆ ಭಾರ ಹಲವು ಕಲ್ಲುಗಳಿಗೆ ಹಂಚಿಹೋಗುತ್ತದೆ.

ಮಣ್ಣಿನ ಗಾರೆಯ ಹಳೆ ಮನೆಗಳಲ್ಲಿ ಆಂಕರನ್ನೂ ನಂಬುವಂತಿಲ್ಲ. ಅಲ್ಲಿ 10 ಮಿ.ಮೀ. ಥ್ರೆಡ್ ರಾಡ್ ಗೋಡೆಯ ಆಚೆಗೆ ತೂರಿಸಿ ಎರಡೂ ಬದಿಗೆ ಅಂಗೈಯಗಲದ ತಗಡಿನ ಪಟ್ಟಿ ಕೊಟ್ಟು ನಟ್ಟು ಬಿಗಿಯಬೇಕು. ಆಚೆಗಿರುವುದು ದೇವರ ಕೋಣೆಯೋ ಚಾವಡಿಯೋ ಆಗಿ ಅದು ಸಾಧ್ಯವಿಲ್ಲವಾದರೆ, ಕಪಾಟಿನ ಎರಡು ಪಕ್ಕಗಳನ್ನೂ ಸ್ಲ್ಯಾಬಿನವರೆಗೆ ಇಳಿಸಿ ಭಾರವನ್ನು ಸ್ಲ್ಯಾಬಿನ ಮೇಲೆ ಹೊರಿಸಿ, ಗೋಡೆಗೆ ಬರಿಯ ಎರಡು ಸ್ಕ್ರೂ ಮುಂದಕ್ಕೆ ವಾಲದಂತೆ. ಸ್ಲ್ಯಾಬಿಗೆ ತಾಗುವ ತುದಿಗೆ ಸೀಲರ್ ಹಚ್ಚಿ, ಕೆಳಗೆ 3 ಮಿ.ಮೀ. ರಬ್ಬರ್ ತುಂಡು ಇಡಿ.