ಗಟ್ಟಿ ರಿವೆಟ್, ಎಳೆಯುವ ರಿವೆಟ್, ಬಟ್ಟೆ: ಕಿಟ್ ವಿಮಾನದ ಮೂರು ದಾರಿಗಳು

ಮನೆಯ ಗ್ಯಾರೇಜಿನಲ್ಲಿ ವಿಮಾನ ಕಟ್ಟಲು ಹೊರಡುವವರು ಸಾಮಾನ್ಯವಾಗಿ ಮೊದಲು ಅದರ ವೇಗವನ್ನು ವಿಚಾರಿಸುತ್ತಾರೆ, ಆಮೇಲೆ ಬೆಲೆಯನ್ನು. ಇಲಿನಾಯ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಇಡೀ ಚಳಿಗಾಲ ವಿಮಾನದ ಬಿಡಿಭಾಗಗಳನ್ನು ಕಿಟ್ ಆಗಿ ಮಾರುವ ಕಂಪನಿಗಳ ಪುಸ್ತಿಕೆಗಳನ್ನು ಹರಡಿಕೊಂಡು ನಾನೂ ಅದನ್ನೇ ನೋಡುತ್ತಿದ್ದೆ. ಆದರೆ ಕಟ್ಟುವವನ ಮುಂದಿನ ಹಲವು ವರ್ಷಗಳ ಸಂಜೆಗಳು ಹೇಗಿರುತ್ತವೆ ಎಂಬುದನ್ನು ತೀರ್ಮಾನಿಸುವುದು ವೇಗವಲ್ಲ, ಒಂದು ತಗಡನ್ನು ಇನ್ನೊಂದಕ್ಕೆ ಸೇರಿಸುವ ವಿಧಾನ. ಆದ್ದರಿಂದ ಹಣ ಕಟ್ಟುವ ಮೊದಲು ಮೂರು ವಿಧಾನಗಳನ್ನು ಕೈಯಾರೆ ಮಾಡಿ ನೋಡಲು ನಿರ್ಧರಿಸಿದೆ, ಮತ್ತು ಮೂರನ್ನೂ ಒಂದೇ ಪ್ರಶ್ನೆಯಿಂದ ಅಳೆದೆ: ಕೆಲಸದಲ್ಲಿ ತಪ್ಪಾದರೆ ಅದು ನನ್ನ ಕಣ್ಣಿಗೆ ಬೀಳುತ್ತದೆಯೇ, ಬಿದ್ದರೆ ತಿದ್ದಲು ಬರುತ್ತದೆಯೇ?

ಈ ಪ್ರಶ್ನೆಗೆ ಕಾರಣವಿದೆ. ಅಮೆರಿಕದ ನಿಯಮದ ಪ್ರಕಾರ ಹವ್ಯಾಸಿಗಳು ಕಟ್ಟಿದ ವಿಮಾನವೆಂದು ನೋಂದಾಯಿಸಬೇಕಾದರೆ ಕೆಲಸದ ಬಹುಭಾಗವನ್ನು ಹವ್ಯಾಸಿಗಳೇ, ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ, ಮಾಡಿರಬೇಕು. ಇದನ್ನೇ ಎಲ್ಲರೂ 51 ಪರ್ಸೆಂಟ್ ನಿಯಮ ಎನ್ನುವುದು. ಹಾಗೆ ಕಟ್ಟಿ ಮುಗಿಸಿದವರು ಅರ್ಜಿ ಹಾಕಿದರೆ, ಆ ಒಂದು ವಿಮಾನದ ವಾರ್ಷಿಕ ತಪಾಸಣೆಯನ್ನು ತಾವೇ ಮಾಡಿ ಸಹಿ ಹಾಕುವ ಪ್ರಮಾಣಪತ್ರವೂ ಸಿಗುತ್ತದೆ. ಅಷ್ಟು ದೊಡ್ಡ ವಿಶ್ವಾಸವನ್ನು ನಮ್ಮ ಮೇಲೆ ಇಟ್ಟಿರುವಾಗ, ನಮ್ಮ ಕೈಯ ತಪ್ಪು ನಮಗೇ ಕಾಣದಂತಹ ಕೆಲಸವನ್ನು ಆರಿಸಿಕೊಳ್ಳುವುದು ಸರಿಯಲ್ಲವೆಂದು ನನಗನ್ನಿಸಿತು.

ಮೊದಲು ಹಿಡಿದದ್ದು ಗಟ್ಟಿ ರಿವೆಟ್, ಅಂದರೆ ತಗಡುಗಳ ರಂಧ್ರಕ್ಕೆ ತೂರಿಸಿ, ಆಚೆ ಬದಿಗೆ ಬಂದ ಬಾಲವನ್ನು ಜಜ್ಜಿ ಬಿಗಿಯುವ ಲೋಹದ ಮೊಳೆ. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1973ರಲ್ಲಿ ಆರಂಭಿಸಿದ ಆರೆಗನ್‌ನ ವ್ಯಾನ್ಸ್ ಕಂಪನಿಯ ಆರ್‌ವಿ ವಿಮಾನಗಳಲ್ಲಿ ಹೆಚ್ಚಿನವು ಈ ಕ್ರಮದಲ್ಲಿ ಕಟ್ಟುವಂಥವು. ಪೂರ್ಣ ಕಿಟ್ ಕೊಳ್ಳುವ ಮೊದಲು ಕೈ ಪಳಗಿಸಿಕೊಳ್ಳಲು ಸಣ್ಣ ಅಭ್ಯಾಸದ ಕಿಟ್‌ಗಳು ಸಿಗುತ್ತವೆ. ನಾನು ತರಿಸಿದ್ದು ರೆಕ್ಕೆಯ ಒಂದು ತುಂಡಿನಂತಿರುವ ಅಂಥದೊಂದನ್ನು. ತಗಡುಗಳನ್ನು ಜೋಡಿಸಿ, ರಂಧ್ರಗಳಲ್ಲಿ ಕ್ಲೀಕೊ ಎಂಬ ಸ್ಪ್ರಿಂಗ್ ಹಿಡಿಕೆಗಳನ್ನು ಚುಚ್ಚಿ ತಾತ್ಕಾಲಿಕವಾಗಿ ಬಿಗಿಯಬೇಕು. 3/32 ಇಂಚಿನ ರಂಧ್ರಕ್ಕೆ ಬೆಳ್ಳಿಯ ಬಣ್ಣದ ಕ್ಲೀಕೊ, 1/8 ಇಂಚಿನದಕ್ಕೆ ತಾಮ್ರದ ಬಣ್ಣದ್ದು. ಆಮೇಲೆ ಎಲ್ಲವನ್ನೂ ಬಿಚ್ಚಿ, ಪ್ರತಿಯೊಂದು ರಂಧ್ರದ ಅಂಚಿನ ಸಿಬಿರನ್ನು ತೆಗೆದು, ರಿವೆಟ್ಟಿನ ತಲೆ ತಗಡಿನ ಮಟ್ಟಕ್ಕೆ ಕೂರುವಂತೆ ಡಿಂಪಲ್ ಎಂಬ ಸಣ್ಣ ತಗ್ಗು ಒತ್ತಿ, ಮತ್ತೆ ಜೋಡಿಸಬೇಕು. ರಿವೆಟ್ ಹೊಡೆಯುವ ಕೆಲಸವೇ ಈ ಸರಣಿಯಲ್ಲಿ ಎಲ್ಲಕ್ಕಿಂತ ಚಿಕ್ಕದು.

ಹೊಡೆಯಲು ಎರಡು ಜೊತೆ ಕೈ ಬೇಕು. ಹೊರಗಿನಿಂದ ಗಾಳಿಯ ಗನ್ ಹಿಡಿದವನು ನಾನು, ಒಳಗಿನಿಂದ ಬಕಿಂಗ್ ಬಾರ್ ಎಂಬ ನುಣುಪಾದ ಉಕ್ಕಿನ ಗಟ್ಟಿಯನ್ನು ರಿವೆಟ್ಟಿನ ಬಾಲಕ್ಕೆ ಒತ್ತಿ ಹಿಡಿದವಳು ನನ್ನ ಮಡದಿ. ಇಬ್ಬರ ಕಿವಿಗೂ ಶಬ್ದ ತಡೆಯುವ ಮುಚ್ಚಳವಿದ್ದುದರಿಂದ ಮಾತು ಕೇಳುತ್ತಿರಲಿಲ್ಲ. ಅವಳು ತಗಡನ್ನು ಬೆರಳ ಗಿಣ್ಣಿನಿಂದ ಒಮ್ಮೆ ತಟ್ಟಿದರೆ ಇನ್ನಷ್ಟು ಹೊಡೆಯಬೇಕು, ಎರಡು ಸಲ ತಟ್ಟಿದರೆ ಸರಿಯಾಗಿದೆ, ಮೂರು ಸಲವಾದರೆ ಕೆಟ್ಟಿದೆ ಎಂದು ಗೊತ್ತುಮಾಡಿಕೊಂಡೆವು. ಮೊದಲ ಸಂಜೆ ಮೂರು ತಟ್ಟುಗಳೇ ಹೆಚ್ಚು ಬಂದವು. ಮೂರನೆಯ ಸಂಜೆಯ ಹೊತ್ತಿಗೆ, ಬಾಲ ಕುಳಿತದ್ದು ಗನ್ನಿನ ಸದ್ದಿನ ಏರಿಳಿತದಿಂದಲೇ ತಿಳಿಯತೊಡಗಿತು.

ತಪ್ಪನ್ನು ತೋರಿಸುವುದರಲ್ಲಿ ಈ ವಿಧಾನಕ್ಕೆ ಸಮನಾದದ್ದನ್ನು ನಾನು ಕಾಣಲಿಲ್ಲ. ಚೆನ್ನಾಗಿ ಕೂತ ರಿವೆಟ್ಟಿನ ಬಾಲ, ರಿವೆಟ್ಟಿನ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧ ಪಟ್ಟು ಎತ್ತರ ಇರಬೇಕು. 3/32 ಇಂಚಿನ ರಿವೆಟ್ಟಿಗೆ ಇದು ಸುಮಾರು ಮೂರೂವರೆ ಮಿಲಿಮೀಟರು ಅಗಲ. ಅಂಗೈಯಲ್ಲಿ ಹಿಡಿಯುವ ಒಂದು ಗೇಜನ್ನು ಅದರ ಮೇಲಿಟ್ಟರೆ ಉತ್ತರ ಅಲ್ಲೇ ಸಿಗುತ್ತದೆ. ಬಾಲ ಓರೆಯಾಗಿ ಮಡಿದಿದ್ದರೆ, ಗನ್ ಜಾರಿ ತಗಡಿನ ಮೇಲೆ ಅರ್ಧಚಂದ್ರದ ಗುರುತು ಬಿದ್ದಿದ್ದರೆ (ಇದನ್ನು ಕಟ್ಟುವವರು ಸ್ಮೈಲಿ ಎಂದು ಕರೆಯುತ್ತಾರೆ), ಯಾವುದೂ ಬಚ್ಚಿಟ್ಟುಕೊಳ್ಳುವುದಿಲ್ಲ. ತಿದ್ದಲೂ ಬರುತ್ತದೆ: ತಲೆಯ ನಡುವೆ ಎಚ್ಚರದಿಂದ ಡ್ರಿಲ್ ಮಾಡಿ, ತಲೆಯನ್ನು ಮುರಿದು ತೆಗೆದು, ಬಾಲವನ್ನು ಆಚೆಗೆ ತಳ್ಳಬೇಕು. ಆದರೆ ಡ್ರಿಲ್ ಸ್ವಲ್ಪ ಓಲಿದರೂ ರಂಧ್ರ ಅಗಲವಾಗುತ್ತದೆ, ಮತ್ತು ಒಂದೇ ರಂಧ್ರವನ್ನು ಎರಡು ಮೂರು ಸಲ ತಿದ್ದಹೋದರೆ ತಗಡೇ ಹಾಳಾಗುತ್ತದೆ. ತುಸುವೇ ಸರಿಯಿಲ್ಲದ ರಿವೆಟ್ಟನ್ನು ತೆಗೆಯಹೋಗಿ ನಾನು ಎರಡು ರಂಧ್ರಗಳನ್ನು ಕೆಡಿಸಿದೆ. ಅಂಥ ರಿವೆಟ್ಟನ್ನು ಹಾಗೆಯೇ ಬಿಡುವುದು ಮೇಲೆಂಬ ಹಳಬರ ಮಾತು ಅಲ್ಲಿ ಅರ್ಥವಾಯಿತು.

ಎರಡನೆಯದು ಎಳೆಯುವ ರಿವೆಟ್. ಇದಕ್ಕಾಗಿ ಮಿಸ್ಸೌರಿ ರಾಜ್ಯದ ಮೆಕ್ಸಿಕೊ ಎಂಬ ಸಣ್ಣ ಊರಿಗೆ ಹೋದೆ. ಕ್ರಿಸ್ ಹೈಂಟ್ಜ್ ವಿನ್ಯಾಸದ ವಿಮಾನಗಳ ಕಿಟ್‌ಗಳನ್ನು ಮಾಡುವ ಜೆನಿತ್ ಕಂಪನಿ ಅಲ್ಲಿ ಎರಡು ದಿನಗಳ ಕಾರ್ಯಾಗಾರ ನಡೆಸುತ್ತದೆ. ಬಂದವರು ತಮ್ಮ ವಿಮಾನದ ರಡ್ಡರನ್ನು (ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಭಾಗ) ತಾವೇ ಕಟ್ಟಿ ಮನೆಗೆ ಒಯ್ಯುತ್ತಾರೆ. ಚಿಕ್ಕ ಓಟದಲ್ಲೇ ಏರಿ ಇಳಿಯುವ ಸಿಎಚ್ 750 ಎಸ್‌ಟಿಒಎಲ್ ಮಾದರಿಯಲ್ಲಿ ಬಾಲದ ನಿಂತ ಭಾಗಕ್ಕೆ ಸ್ಥಿರವಾದ ತುಂಡೇ ಇಲ್ಲದೆ ಇಡೀ ಭಾಗವೇ ತಿರುಗುವುದರಿಂದ, ಒಂದು ರಡ್ಡರ್ ಕಟ್ಟಿದರೆ ನಿಂತ ಬಾಲ ಪೂರ್ತಿಯಾಗಿ ಮುಗಿದಂತೆ.

ಇಲ್ಲಿ ರಿವೆಟ್ ಟೊಳ್ಳು, ಅದರ ನಡುವೆ ಒಂದು ಉಕ್ಕಿನ ಕಡ್ಡಿ. ಪುಲ್ಲರ್ ಎಂಬ ಉಪಕರಣ ಆ ಕಡ್ಡಿಯನ್ನು ಎಳೆದಾಗ ಒಳಗಿನ ತುದಿ ಉಬ್ಬಿ ತಗಡುಗಳನ್ನು ಬಿಗಿಯುತ್ತದೆ, ಕಡ್ಡಿ ಟಕ್ಕೆಂದು ಮುರಿಯುತ್ತದೆ. ಒಬ್ಬನೇ ಮಾಡಬಹುದು, ನೆರೆಮನೆಯವರು ಎಚ್ಚರಗೊಳ್ಳುವ ಶಬ್ದವಿಲ್ಲ. ಪುಲ್ಲರಿನ ಮೂತಿಯಲ್ಲಿ ಕುಳಿ ತೋಡಿರುವುದರಿಂದ ಚಪ್ಪಟೆ ತಲೆಯ ರಿವೆಟ್ ಎಳೆಯುವಾಗಲೇ ಗುಂಡಗಾಗುತ್ತದೆ. ಡಿಂಪಲ್ ಒತ್ತುವ ಕೆಲಸವೇ ಇಲ್ಲ. ಎರಡು ದಿನಗಳಲ್ಲಿ ನನ್ನ ಎದುರಿಗಿದ್ದ ತಗಡಿನ ರಾಶಿ ನಿಜವಾದ ವಿಮಾನದ ನಿಜವಾದ ಭಾಗವಾಗಿ ನಿಂತಾಗ ಆದ ಸಂತೋಷ ದೊಡ್ಡದು.

ಆದರೆ ನನ್ನ ಪ್ರಶ್ನೆಗೆ ಇದರ ಉತ್ತರ ಬೇರೆ. ರಿವೆಟ್ಟಿನ ಒಳತುದಿ ಮುಚ್ಚಿದ ಭಾಗದೊಳಗೆ ಉಳಿದುಬಿಡುತ್ತದೆ, ಅದನ್ನು ಅಳೆಯುವಂತಿಲ್ಲ. ಗುಣಮಟ್ಟವೆಲ್ಲ ರಿವೆಟ್ಟಿಗೆ ಮೊದಲೇ, ರಂಧ್ರದಲ್ಲಿ, ತೀರ್ಮಾನವಾಗಿರುತ್ತದೆ: ರಂಧ್ರ ನೆಟ್ಟಗಿದೆಯೇ, ಅಳತೆಗಿಂತ ದೊಡ್ಡದಾಗಿದೆಯೇ, ಎರಡು ತಗಡುಗಳ ನಡುವೆ ಡ್ರಿಲ್ಲಿನ ಸಿಪ್ಪೆ ಸಿಕ್ಕಿಕೊಂಡಿದೆಯೇ. ನನ್ನ ರಡ್ಡರಿನ ಒಂದು ಅಂಚಿನಲ್ಲಿ ಅಂಥ ಸಿಪ್ಪೆಯೊಂದು ಉಳಿದು, ತಗಡು ಕೂದಲೆಳೆಯಷ್ಟು ಎದ್ದಿತ್ತು. ಉಗುರನ್ನು ಅಂಚಿನುದ್ದಕ್ಕೂ ಎಳೆದಾಗ ಮಾತ್ರ ತಿಳಿಯಿತು. ನಾಲ್ಕು ರಿವೆಟ್ ತೆಗೆಯಬೇಕಾಯಿತು. ಮುರಿದ ಉಕ್ಕಿನ ಕಡ್ಡಿಯ ಚೂರು ತಲೆಯಲ್ಲಿ ಉಳಿದಿರುವುದರಿಂದ ಅದನ್ನು ಮೊದಲು ಪಂಚಿನಿಂದ ಒಳಗೆ ತಟ್ಟಬೇಕು, ಇಲ್ಲವಾದರೆ ಡ್ರಿಲ್ ಉಕ್ಕಿನ ಮೇಲಿಂದ ಮೆತ್ತಗಿನ ಅಲ್ಯೂಮಿನಿಯಂಗೆ ಜಾರುತ್ತದೆ. ಆಮೇಲೂ ರಿವೆಟ್ ಡ್ರಿಲ್ಲಿನ ಜೊತೆಗೇ ತಿರುಗತೊಡಗಿದರೆ ರಂಧ್ರ ಸವೆಯುತ್ತದೆ. ಹಾಗೆ ಸವೆದದ್ದಕ್ಕೆ, ಅಂಚಿನಿಂದ ಸಾಕಷ್ಟು ದೂರವಿದ್ದರೆ, 1/8ರ ಬದಲು 5/32ರ ರಿವೆಟ್ ಹಾಕಬಹುದು ಎಂಬುದೊಂದು ಸಮಾಧಾನ.

ವ್ಯಾನ್ಸ್‌ನವರ ಆರ್‌ವಿ-12 ಕೂಡ ಬಹುಪಾಲು ಎಳೆಯುವ ರಿವೆಟ್ಟಿನದೇ. ಅದನ್ನು ಇ-ಎಲ್‌ಎಸ್‌ಎ ಎಂಬ, ಪ್ರಾಯೋಗಿಕ ಹಗುರ ಕ್ರೀಡಾ ವಿಮಾನಗಳ ವರ್ಗದಲ್ಲಿ ನೋಂದಾಯಿಸುವುದಾದರೆ 51 ಪರ್ಸೆಂಟಿನ ಲೆಕ್ಕ ಬೇಕಿಲ್ಲ, ಆದರೆ ಕಟ್ಟುವಾಗ ನಕ್ಷೆಯಿಂದ ಒಂದಿಷ್ಟೂ ಆಚೀಚೆ ಹೋಗುವಂತಿಲ್ಲ. ಅದರ ಕಿಟ್ಟನ್ನು ಪರಿಚಿತರೊಬ್ಬರ ಹ್ಯಾಂಗರಿನಲ್ಲಿ ನೋಡಿದ್ದೇನೆ. ರಂಧ್ರಗಳ ಹೊಂದಿಕೆ ಬಹಳ ಚೆನ್ನಾಗಿದೆ. ನಾನೇ ಕಟ್ಟಿ ನೋಡದ್ದರಿಂದ ಹೆಚ್ಚು ಹೇಳಲಾರೆ.

ಮೂರನೆಯದು ಬಟ್ಟೆ. ಬೆಸುಗೆ ಹಾಕಿದ ಉಕ್ಕಿನ ಕೊಳವೆಯ ಚೌಕಟ್ಟಿಗೆ ಪಾಲಿಯೆಸ್ಟರ್ ಬಟ್ಟೆ ಹೊದಿಸುವ ಈ ಕ್ರಮವನ್ನು ಐಡಹೊದ ಕಿಟ್‌ಫಾಕ್ಸ್ ಮುಂತಾದ ವಿಮಾನಗಳಲ್ಲಿ ಕಾಣಬಹುದು. ಬೆಂಗಳೂರಿನ ರಾಜ್ ಹಂಸ ಕಂಪನಿ ತಯಾರಿಸಿ ಬ್ರಿಟನ್, ಫ್ರಾನ್ಸ್‌ಗಳಿಗೆ ಕಿಟ್ ಆಗಿ ಕಳಿಸಿದ ಎಕ್ಸ್-ಏರ್ ಸಹ ಬಟ್ಟೆಯ ವಿಮಾನವೇ, ಆದರೆ ಅದರದು ಅಲ್ಯೂಮಿನಿಯಂ ಕೊಳವೆಗೆ ಹೊಲಿದ ಹೊದಿಕೆಯನ್ನು ತೊಡಿಸುವ ಸರಳ ಕ್ರಮ. ನಾನು ವಾರಾಂತ್ಯದ ಒಂದು ತರಬೇತಿಯಲ್ಲಿ ಕಲಿತದ್ದು ಅಂಟು, ಇಸ್ತ್ರಿ, ಲೇಪಗಳ ಪೂರ್ಣ ಕ್ರಮ. ಚೌಕಟ್ಟಿಗೆ ಬಟ್ಟೆಯನ್ನು ಅಂಟಿಸಿ, ಇಸ್ತ್ರಿ ಪೆಟ್ಟಿಗೆಯಿಂದ ಮೊದಲು 250, ಕೊನೆಗೆ 350 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಕಾಯಿಸಿದರೆ ಸಡಿಲವಾಗಿದ್ದದ್ದು ತಮಟೆಯಂತೆ ಬಿಗಿಯುತ್ತದೆ. 350 ದಾಟಿದರೆ ಬಿಗಿತ ಕಳೆದುಕೊಳ್ಳುತ್ತದೆ. ಇಸ್ತ್ರಿ ಪೆಟ್ಟಿಗೆಯ ಗುಂಡಿಯ ಮೇಲಿನ ಗುರುತನ್ನು ನಂಬದೆ ಥರ್ಮಾಮೀಟರ್ ಇಟ್ಟು ಗುರುತುಮಾಡಿಕೊಳ್ಳಬೇಕು. ಬಳಿಕ ದಾರದಿಂದ ಬಟ್ಟೆಯನ್ನು ರೆಕ್ಕೆಯ ಪಕ್ಕೆಗಳಿಗೆ ಹೊಲಿದು, ಬಿಸಿಲಿನಿಂದ ಪಾಲಿಯೆಸ್ಟರನ್ನು ಕಾಯುವ ಬೆಳ್ಳಿಬಣ್ಣದ ಲೇಪ ಕೊಡಬೇಕು.

ತಿದ್ದುವುದಕ್ಕೆ ಬಟ್ಟೆಯಷ್ಟು ಉದಾರವಾದದ್ದು ಮತ್ತೊಂದಿಲ್ಲ. ಅಂಟಿನಲ್ಲಿ ಬಿದ್ದ ನೆರಿಗೆಯನ್ನು ದ್ರಾವಕ ಸವರಿ ಬಿಡಿಸಿ ಮತ್ತೆ ಅಂಟಿಸಿದೆ; ಪೂರ್ತಿ ಕೆಟ್ಟರೂ ಕತ್ತರಿಸಿ ಹೊಸ ಬಟ್ಟೆ ಹೊದಿಸಬಹುದು. ನನ್ನನ್ನು ತಡೆದದ್ದು ಆ ದ್ರಾವಕವೇ. ಅದರ ಆವಿಗೆ ಬೆಂಕಿ ಹತ್ತಿಕೊಳ್ಳುವುದು ಸುಲಭ, ನಮ್ಮ ಗ್ಯಾರೇಜು ಮನೆಗೆ ಅಂಟಿಕೊಂಡಿದೆ, ನೀರು ಕಾಯಿಸುವ ಗ್ಯಾಸ್ ಹೀಟರ್ ಅದರ ಮೂಲೆಯಲ್ಲೇ ಇದೆ. ಇಲ್ಲಿನ ಚಳಿಗಾಲದಲ್ಲಿ ಬಾಗಿಲು ತೆರೆದಿಟ್ಟು ಕೆಲಸ ಮಾಡಲೂ ಆಗದು. ಇಂಥ ದ್ರಾವಕದ ಬದಲು ನೀರನ್ನು ಆಧರಿಸಿದ ಅಂಟು, ಲೇಪಗಳೂ ಇವೆ. ಬೇರೆ ಶೆಡ್ ಇರುವವರಿಗೆ, ಅಥವಾ ಅವನ್ನು ಬಳಸಲು ಸಿದ್ಧರಿರುವವರಿಗೆ, ನಾನು ಬಟ್ಟೆಯನ್ನೇ ಮೊದಲು ಹೇಳುತ್ತೇನೆ.

ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಗಟ್ಟಿ ರಿವೆಟ್. ಆರಿಸಿಕೊಂಡದ್ದು ಎಳೆಯುವ ರಿವೆಟ್. ನನಗೆ ಕೆಲಸಕ್ಕೆ ಸಿಗುವುದು ರಾತ್ರಿ ಒಂಬತ್ತರ ನಂತರದ ಎರಡು ಗಂಟೆ, ಮಕ್ಕಳು ಮಲಗಿರುವ ಹೊತ್ತು. ಪ್ರತಿ ರಾತ್ರಿಯೂ ಬಾರ್ ಹಿಡಿಯಲು ಮಡದಿಯನ್ನು ಕರೆಯುವುದು ನ್ಯಾಯವಲ್ಲ. ಗಂಟೆಗೆ ನೂರು ಮೈಲಿಯ ಆಸುಪಾಸಿನ ವೇಗ ನಮಗೆ ಸಾಕು. ಒಳತುದಿ ಕಾಣದಿರುವ ಕೊರತೆಗೆ ನಾನು ಮಾಡಿಕೊಂಡ ಏರ್ಪಾಡು ಇಷ್ಟು: ಯಾವ ಭಾಗವನ್ನೂ ಮುಚ್ಚುವ ಮೊದಲು ಪ್ರತಿ ರಂಧ್ರದ ಚಿತ್ರ ತೆಗೆಯುವುದು, ಮತ್ತು ಹವ್ಯಾಸಿ ವಿಮಾನಗಾರರ ಸಂಘವಾದ ಇಎಎಯ ತಾಂತ್ರಿಕ ಸಲಹೆಗಾರರೊಬ್ಬರನ್ನು ಮನೆಗೆ ಕರೆದು ತೋರಿಸುವುದು. ಅವರು ಹಣ ತೆಗೆದುಕೊಳ್ಳುವುದಿಲ್ಲ. ಮೊದಲ ಭೇಟಿಯಲ್ಲಿ ರಡ್ಡರನ್ನು ಬೆಳಕಿಗೆ ಓರೆಯಾಗಿ ಹಿಡಿದು, ನಾನು ತಿದ್ದಿದ ಆ ನಾಲ್ಕು ರಿವೆಟ್‌ಗಳನ್ನು ಕೇಳದೆಯೇ ಗುರುತಿಸಿ, ಪರವಾಗಿಲ್ಲ, ಮುಂದುವರಿಸಿ ಎಂದರು. ರಡ್ಡರ್ ಈಗ ಗ್ಯಾರೇಜಿನ ಗೋಡೆಯ ಮೇಲಿದೆ. ಅಡ್ಡಬಾಲದ ಭಾಗಗಳಿಗೆ ಹಣ ಕಟ್ಟಿದ್ದೇನೆ, ಪೆಟ್ಟಿಗೆ ಬರುವ ಮೊದಲು ಮೇಜನ್ನು ಮಟ್ಟ ನೋಡಿ ಬಿಗಿಯಬೇಕಾಗಿದೆ.