ತಾರಸಿ ಬಾರ್ಬೆಕ್ಯೂಗೆ ಯಾವ ವೈರ್‌ಲೆಸ್ ಥರ್ಮಾಮೀಟರ್?

ಡಬ್ಬದ ಮೇಲೆ ಸಿಗ್ನಲ್ 100 ಮೀಟರ್ ದೂರ ಮುಟ್ಟುತ್ತದೆ ಎಂದಿದ್ದರೂ ನಂಬಬೇಡಿ. ಗ್ರಿಲ್ಲಿಗೆ ಕಬ್ಬಿಣದ ಮುಚ್ಚಳ, ಕೆಳಗೆ ಆರ್‌ಸಿಸಿ. ತಾರಸಿಯಿಂದ ಅಡುಗೆಮನೆಗೆ ಇಳಿಯುವಷ್ಟರಲ್ಲಿ ಬ್ಲೂಟೂತ್ ಕೈಕೊಡುತ್ತದೆ. ಗ್ರಿಲ್ ಪಕ್ಕದಲ್ಲಿ ಕೂತು ಸಿಗ್ನಲನ್ನು ಮನೆಯ ವೈಫೈಗೆ ದಾಟಿಸುವ ವೈಫೈ ಬೇಸ್ ಇರುವುದೇ ವಾಸಿ.

ತಂತಿಯಿಲ್ಲದ ಪ್ರೋಬ್‌ನ (ಮಾಂಸಕ್ಕೆ ಚುಚ್ಚುವ ಕಡ್ಡಿಯ) ಹೊಟ್ಟೆಯಲ್ಲೇ ಬ್ಯಾಟರಿ. ಗುರುತಿನ ಗೆರೆಯವರೆಗೆ ಮಾಂಸದೊಳಗೆ ಇಳಿಯದಿದ್ದರೆ ಕೆಂಡದ ಕಾವಿಗೆ ಸುಟ್ಟೇ ಹೋಗುತ್ತದೆ. ಹಾಗಾಗಿ ಕಬಾಬ್ ತುಂಡಿಗೆ ಅದು ದಂಡ. ಕೋಳಿತೊಡೆಗೆ 74 ಡಿಗ್ರಿ, ಮೂಳೆಗೆ ತಾಗಿಸದೆ. ಹಂದಿಯ ಭುಜದ ಮಾಂಸ ಎಳೆಎಳೆಯಾಗಿ ಬಿಡಬೇಕಾದರೆ 93–95. ನಡುವೆ 70ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ಅಲುಗದಿದ್ದರೆ ಮೀಟರನ್ನು ಬೈಯಬೇಡಿ. ಮೇಲ್ಮೈ ನೀರು ಆವಿಯಾಗುತ್ತಾ ಮಾಂಸವನ್ನು ತಣಿಸುತ್ತಿರುತ್ತದೆ.

ಕೊಂಡ ದಿನವೇ ಪರೀಕ್ಷಿಸಿ: ಐಸ್ ನೀರಿನಲ್ಲಿ 0, ಕುದಿಯುವ ನೀರಿನಲ್ಲಿ ಸುಮಾರು 97. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಇಲ್ಲಿ ಸರಿಯಾಗಿ 100 ತೋರಿಸುವ ಮೀಟರನ್ನೇ ವಾಪಸ್ ಕಳಿಸಬೇಕು.