ಬೇರೆ ಹೋಲ್‌ನ ಟೀ ಮೇಲೆ ನಿಂತ ಚೆಂಡು: ಒಂದು ನಿಯಮ ತರಗತಿಯ ವಿಮರ್ಶೆ

ಗಾಲ್ಫ್ ನಿಯಮಗಳನ್ನು ಕೊಠಡಿಯಲ್ಲಿ ಕೂರಿಸಿ ಹೇಳಿಕೊಡುವ ತರಗತಿಗಳಿಗೆ ನಾನು ಹಿಂದೆ ಎರಡು ಬಾರಿ ಹೋಗಿದ್ದೆ. ಅಲ್ಲಿ ಕೇಳಿದ್ದು ಆಟದ ವೇಳೆ ನೆನಪಿಗೆ ಬರುತ್ತಿರಲಿಲ್ಲ. ಈ ಸಲ ಸೇರಿದ್ದು ಮೈದಾನದಲ್ಲಿಯೇ ನಡೆದ ಅರ್ಧ ದಿನದ ತರಗತಿ. ಅದರಲ್ಲಿ ಪಕ್ಕದ ಹೋಲ್‌ನ (ಆರಂಭದ ಜಾಗದಿಂದ ಕುಳಿಯವರೆಗಿನ ಆಟದ ಹಾದಿ) ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಮೇಲೆ ಕಳೆದ ಮುಕ್ಕಾಲು ಗಂಟೆಗಾಗಿಯೇ ಅದನ್ನು ಇತರರಿಗೂ ಹೇಳಬೇಕೆನಿಸಿತು.

ತರಬೇತುದಾರರು ಅಲ್ಲಿ ಒಂದು ಚೆಂಡನ್ನು ಬೀಳಿಸಿ, ಈಗ ಏನು ಮಾಡುವಿರಿ ಎಂದು ಕೇಳಿದರು. ಟೀ ಪೆಗ್ (ಚೆಂಡನ್ನು ನೆಲದಿಂದ ಎತ್ತಿಡುವ ಚಿಕ್ಕ ಗೂಟ) ಮೇಲೆ ಇಟ್ಟು ಹೊಡೆಯಬಹುದೆಂದು ಕೆಲವರು, ಬೇರೆ ಹೋಲ್‌ನ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಬಿದ್ದಾಗಿನಂತೆ ಹೊರಗೆ ಡ್ರಾಪ್ ಮಾಡಬೇಕೆಂದು (ಕೈಯಿಂದ ಬೀಳಿಸಿ ಆಡಬೇಕೆಂದು) ಕೆಲವರು ಹೇಳಿದೆವು. ಎರಡೂ ತಪ್ಪು. 2019ರಿಂದ ಜಾರಿಯಲ್ಲಿರುವ ನಿಯಮಗಳು ಮೈದಾನವನ್ನು 5 ಪ್ರದೇಶಗಳಾಗಿ ವಿಂಗಡಿಸುತ್ತವೆ. ಅವುಗಳಲ್ಲಿ ಟೀ ಎಂದರೆ ನಾವು ಈಗ ಆಡುತ್ತಿರುವ ಹೋಲ್ ಅನ್ನು ಆರಂಭಿಸುವ ಟೀ ಮಾತ್ರ. ಉಳಿದ ಎಲ್ಲ ಟೀಗಳೂ ಫೇರ್‌ವೇ (ಹುಲ್ಲು ಕತ್ತರಿಸಿದ ಹಾದಿ), ರಫ್‌ಗಳಂತೆಯೇ (ಅದರ ಬದಿಯ ಉದ್ದ ಹುಲ್ಲು) ಸಾಮಾನ್ಯ ಪ್ರದೇಶಕ್ಕೆ ಸೇರಿದವು. ಆದ್ದರಿಂದ ಚೆಂಡು ಇದ್ದಂತೆಯೇ ಆಡಬೇಕು. ನಮ್ಮ ಟೀ ಮೇಲೆ ಚೆಂಡಿನ ಹಿಂದಿನ ಹುಲ್ಲನ್ನು ಕಾಲಿನಿಂದ ಒತ್ತಿ ಸಮ ಮಾಡಲು ಅವಕಾಶವಿದೆ. ಬೇರೆ ಹೋಲ್‌ನ ಟೀ ಮೇಲೆ ಹಾಗೆ ಮಾಡಿ ಆಡಿದರೆ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತಗಳನ್ನು ಎಣಿಸುವ ಆಟ) 2 ಪೆನಾಲ್ಟಿ ಸ್ಟ್ರೋಕ್ (ದಂಡದ ಹೊಡೆತ), ಮ್ಯಾಚ್ ಪ್ಲೇಯಲ್ಲಿ (ಎದುರಾಳಿಯೊಂದಿಗೆ ಒಂದೊಂದು ಹೋಲ್‌ಗೂ ಸೋಲು-ಗೆಲುವು ನಿರ್ಧರಿಸುವ ಆಟ) ಆ ಹೋಲ್‌ನ ಸೋಲು. ಹಲವು ವರ್ಷಗಳಿಂದ ಆಡುತ್ತಿರುವ ನನಗೆ ಈ ವ್ಯತ್ಯಾಸ ಮನಸ್ಸಿಗೆ ನಾಟಿದ್ದು ಆ ಹುಲ್ಲಿನ ಮೇಲೆ ನಿಂತಾಗಲೇ.

ಬಳಿಕ ತರಬೇತುದಾರರು ಚೆಂಡನ್ನು ಅಲ್ಲಿನ ಟೀ ಮಾರ್ಕರ್‌ನ (ಟೀಯ ಮುಂದಿನ ಗಡಿ ತೋರಿಸುವ ಗುರುತು) ಹಿಂದೆ ಒಂದು ಗೇಣು ದೂರದಲ್ಲಿಟ್ಟರು. ಟೀ ಮಾರ್ಕರ್ ಮುಟ್ಟಬಾರದೆಂಬ ಪಾಠ ಮೊದಲ ದಿನದಿಂದಲೂ ಅಭ್ಯಾಸವಾಗಿದ್ದರಿಂದ ಯಾರೂ ಕೈಹಾಕಲಿಲ್ಲ. ಅವರು ಬಗ್ಗಿ ಅದನ್ನು ಕಿತ್ತು ಪಕ್ಕಕ್ಕಿಟ್ಟು, ಚೆಂಡನ್ನು ಹೊಡೆದು, ಮಾರ್ಕರನ್ನು ಮತ್ತೆ ಅದೇ ಕುಳಿಯಲ್ಲಿ ಹೂಳಿದರು. ನಾವು ಆರಂಭಿಸಲಿರುವ ಟೀಯ ಮಾರ್ಕರನ್ನು ಹೊಡೆಯುವ ಮುನ್ನ ಸರಿಸಿ ಅನುಕೂಲ ಮಾಡಿಕೊಳ್ಳುವಂತಿಲ್ಲ. ಆದರೆ ಬೇರೆ ಟೀಯ ಮಾರ್ಕರ್ ಸರಿಸಬಹುದಾದ ಅಡಚಣೆ, ಅದನ್ನು ತೆಗೆಯುವಾಗ ಚೆಂಡು ಅಲುಗಿದರೂ ದಂಡವಿಲ್ಲ, ಚೆಂಡನ್ನು ಮೊದಲಿದ್ದ ಜಾಗದಲ್ಲಿಟ್ಟರೆ ಸಾಕು. ನೆಲಕ್ಕೆ ಭದ್ರವಾಗಿ ನೆಟ್ಟಿದ್ದ ಬಾಲ್ ವಾಷರ್ (ಚೆಂಡು ತೊಳೆಯುವ ಸಾಧನ) ನಿಲುವಿಗೋ ಸ್ವಿಂಗ್‌ಗೋ ಅಡ್ಡಬಂದರೆ ದಂಡವಿಲ್ಲದೆ ಡ್ರಾಪ್ ದೊರೆಯುತ್ತದೆ, ಚೆಂಡು ಹೋಗುವ ದಾರಿಗೆ ಅಡ್ಡವಿದ್ದ ಮಾತ್ರಕ್ಕೆ ದೊರೆಯುವುದಿಲ್ಲ ಎಂಬುದನ್ನೂ ಅಲ್ಲಿಯೇ ನಿಲ್ಲಿಸಿ ತೋರಿಸಿದರು.

ಕೊರತೆಯೂ ಇದೆ. ಕೊಟ್ಟ ಹಾಳೆಯಲ್ಲಿ ಬರೀ ನಿಯಮಗಳ ಸಂಖ್ಯೆಗಳಿದ್ದವು, ಒಂದು ಚಿತ್ರವೂ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೋಲ್ ಅನ್ನೇ ತಪ್ಪು ಟೀಯಿಂದ ಆರಂಭಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕೊನೆಯ ಐದು ನಿಮಿಷಗಳಲ್ಲಿ ಮುಗಿಸಿಬಿಟ್ಟರು. ಸ್ಟ್ರೋಕ್ ಪ್ಲೇಯಲ್ಲಿ ಆ ಹೊಡೆತ ಲೆಕ್ಕಕ್ಕಿಲ್ಲ, 2 ಪೆನಾಲ್ಟಿ ಸ್ಟ್ರೋಕ್ ಸೇರಿಸಿಕೊಂಡು ಸರಿಯಾದ ಟೀಯಿಂದ ಮತ್ತೆ ಆಡಬೇಕು, ತಿದ್ದಿಕೊಳ್ಳದೆ ಮುಂದಿನ ಹೋಲ್ ಆರಂಭಿಸಿದವರು ಅನರ್ಹರಾಗುತ್ತಾರೆ. ಮ್ಯಾಚ್ ಪ್ಲೇಯಲ್ಲಿ ದಂಡವಿಲ್ಲದಿದ್ದರೂ ಎದುರಾಳಿ ಕೂಡಲೇ ಆ ಹೊಡೆತವನ್ನು ರದ್ದುಪಡಿಸಬಹುದು. ಅದೇ ಹೋಲ್‌ನ ಬೇರೆ ಬಣ್ಣದ ಮಾರ್ಕರ್‌ಗಳ ನಡುವಿನಿಂದ ಹೊಡೆದರೂ ಇದೇ ನಿಯಮ ಎಂಬುದು ನಮ್ಮಲ್ಲಿ ಅರ್ಧದಷ್ಟು ಮಂದಿಗೆ ಹೊಸ ಸಂಗತಿ. ನಾವು ನಿಂತಿದ್ದಲ್ಲಿ ಎರಡು ಹೋಲ್‌ಗಳ ಟೀಗಳ ನಡುವೆ ಹತ್ತು ಹೆಜ್ಜೆಯ ಅಂತರವೂ ಇರಲಿಲ್ಲ. ಇದನ್ನೂ ಅಲ್ಲಿಯೇ ಆಡಿಸಿ ತೋರಿಸಬಹುದಿತ್ತು.